ಹಿಮ್ಮಡಿಯೂ ಹೊಸ ಬೂಟೂ

ನೀಲವೇಣಿ ಶಾಲೆಯ ಚಾರಣ ಸಂಘಕ್ಕೆ ಸೇರಿದಳು. ಮೊದಲ ದಿನವೇ ಅವಳ ಹಿಮ್ಮಡಿಗೂ ಹೊಸ ಬೂಟಿಗೂ ಜಗಳ ಹತ್ತಿತು.

"ಕಚ್ಚಬೇಡವೋ, ದಡಿಯಾ!" ಎಂದಿತು ಹಿಮ್ಮಡಿ.

"ಕಚ್ಚುವವನು ನಾನಲ್ಲ. ನೀನೇ ಬಂದು ಉಜ್ಜುತ್ತಿದ್ದೀಯ, ಬೆಣ್ಣೆಮುದ್ದೆ!" ಎಂದಿತು ಬೂಟು.

ಗುಡ್ಡದ ಅರ್ಧ ದಾರಿಗೆ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತು. ನೀಲವೇಣಿ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡಳು. "ಇವನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ, ಮೇಷ್ಟ್ರೇ. ಇನ್ಮೇಲೆ ನಾನು ಬರಲ್ಲ."

"ಪೀಡೆ ತೊಲಗಿತು!" ಎಂದು ಹಿಮ್ಮಡಿ ಹಿಗ್ಗಿತು. ಆ ಹಿಗ್ಗು ಕಾದ ಬಂಡೆ ಸಿಗುವವರೆಗೆ ಮಾತ್ರ.

"ಏಯ್, ಇಳಿದು ಬಾ!" ಎಂದು ಕೊರಳಲ್ಲಿ ತೂಗುತ್ತಿದ್ದ ಬೂಟನ್ನು ಕೂಗಿತು.

"ಬಂದರೆ ಉಜ್ಜಾಟ ತಪ್ಪಿದ್ದಲ್ಲ. ನನಗೇನು ಸುಖವೇ? ನಿನ್ನಿಂದ ನನ್ನ ಹೊಲಿಗೆ ಬಿಡುತ್ತಿದೆ."

"ಆಗಲಿ ಮಾರಾಯ, ಬೈದುಕೊಂಡೇ ಹೋಗೋಣ."

ನೀಲವೇಣಿ ಹಲ್ಲು ಕಚ್ಚಿ ಮತ್ತೆ ಬೂಟು ಹಾಕಿಕೊಂಡಳು; ಬರಲ್ಲ ಅಂದವಳು ಮುಂದಿನ ವಾರವೂ ಬಂದಳು. ಎರಡೂ ಬೈದುಕೊಂಡೇ ಹೋದವು. ಮೇಷ್ಟ್ರು ವಾರವಾರವೂ ಓಡಿಸಿದರು, ಹತ್ತಿಸಿದರು, ಬೆನ್ನಿಗೆ ಮೂಟೆ ಹೊರಿಸಿ ಇಳಿಸಿದರು. ಚಳಿಗಾಲ ಬರುವಷ್ಟರಲ್ಲಿ ಬೂಟಿನ ತೊಗಲು ಮೆತ್ತಗಾಯಿತು, ಹಿಮ್ಮಡಿ ಜಡ್ಡುಗಟ್ಟಿತು. ಬೈಗುಳ ಯಾವಾಗ ಹರಟೆಯಾಯಿತೋ ಎರಡಕ್ಕೂ ತಿಳಿಯಲಿಲ್ಲ.

ಕೊನೆಗೆ ದೊಡ್ಡ ಬೆಟ್ಟದ ತುದಿಯೂ ಬಂತು. ನೀಲವೇಣಿ ಬೂಟು ಬಿಚ್ಚಿ ಗಾಳಿಗೆ ಕಾಲು ಚಾಚಿದಳು. ಬೂಟು ಅಳುಕುತ್ತಾ ಕೇಳಿತು: "ನೀನೀಗ ಕಲ್ಲಿನಂತಾಗಿದ್ದೀಯ. ಬರಿಗಾಲಲ್ಲೇ ಇಳಿಯಬಲ್ಲೆ. ಇನ್ನು ನಾನು ಯಾಕೆ?"

"ಇಳಿಯೋದೇನು, ಇಳೀತೀನಿ," ಎಂದಿತು ಹಿಮ್ಮಡಿ. "ಆದರೆ ದಾರಿಯುದ್ದಕ್ಕೂ ಯಾರ ಹತ್ತಿರ ಮಾತಾಡಲಿ?"