ಒಂಟಿ ಹಲ್ಲಿನ ಚಿಕ್ಕತಾಯಮ್ಮ ತೆನೆ ಕಚ್ಚಿದ್ದು

ಒಂದಾನೊಂದು ಊರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಅಜ್ಜಿ ಇದ್ದಳು. ಯಾವ ಊರು ಅಂತ ಕೇಳಬೇಡಿ. ಕೇಳಿದರೆ ನಿಮ್ಮೂರೇ ಅಂದುಬಿಡುತ್ತೇನೆ, ಆಮೇಲೆ ಅವಳ ಮನೆ ಹುಡುಕುವ ಕೆಲಸ ನಿಮ್ಮದು. ಸುಮ್ಮನೆ ಹೂಂ ಅನ್ನಿ.

ಅಜ್ಜಿಯ ಬಾಯಲ್ಲಿ ಒಂದೇ ಒಂದು ಹಲ್ಲಿತ್ತು. ಉಳಿದ ಮೂವತ್ತೊಂದು ಹೇಳದೆ ಕೇಳದೆ ಹೋಗಿದ್ದವು. ಇದೊಂದು ಮಾತ್ರ ನಿಂತಿತ್ತು, ಅದೂ ಅಲ್ಲಾಡಿಕೊಂಡು. ನೆಂಟರೆಲ್ಲ ಹೋದಮೇಲೆ ಬೇಜಾರು ಕಳೆಯಲು ಅದು ಮಾತು ಕಲಿತಿತ್ತು.

"ಅಮ್ಮಯ್ಯ, ನನ್ನ ಕೈಲಿ ಇನ್ನು ಆಗಕಿಲ್ಲ," ಅಂದಿತು ಒಂದು ದಿನ. "ಈ ಸಲದ ಜೋಳಕ್ಕೆ ಇರ್ತೀನಿ. ಮುಂದಿನ ಸಲಕ್ಕೆ ಇರಕಿಲ್ಲ."

"ಈ ಸಲಕ್ಕೆ ಇರು ಮಗ. ಅಷ್ಟು ಸಾಕು," ಅಂದಳು ಚಿಕ್ಕತಾಯಮ್ಮ.

ಆಕೆಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಮುಸುಕಿನ ಜೋಳದ ತೆನೆ. ಕೆಂಡದ ಮೇಲೆ ಚಟಪಟ ಅನ್ನಿಸಿ, ನಿಂಬೆಹೋಳನ್ನು ಉಪ್ಪುಖಾರದಲ್ಲಿ ಅದ್ದಿ ಮೇಲಿಂದ ಕೆಳಗೆ ತಿಕ್ಕಿ, ಎರಡೂ ಕೈಯಲ್ಲಿ ಹಿಡಿದು ಕಚ್ಚಬೇಕು. ಮೂಗಿಗೆ ಮಸಿ ಹತ್ತಬೇಕು. ತುಟಿ ಉರಿಯಬೇಕು. ಕೊನೆಗೆ ದಿಂಡು ಚೀಪಬೇಕು. ಇದು ಸುಖ ಅಲ್ಲ ಅನ್ನುವವರು ಎದ್ದು ಮನೆಗೆ ಹೋಗಿ. ಅಂಥವರಿಗೆ ನಾನು ಕತೆ ಹೇಳುವುದಿಲ್ಲ.

ಆ ನಾಡಿಗೆ ಗಟ್ಟಿಮಲ್ಲ ಅಂತ ಒಬ್ಬ ದೊರೆ. ಅವನು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಮಾತಾಡಿದರೂ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುವನು. ಒಂದು ದಿನ ಯಾರೋ ಅವನಿಗೆ ಒಂದು ತೆನೆ ಕಾಣಿಕೆ ಕೊಟ್ಟರು. ದೊರೆ ಮುಸುಕು ಸುಲಿದ. ಒಳಗೆ ಸಾಲು ಸಾಲು ಹಲ್ಲು. ತೆನೆ ಅಷ್ಟೂ ಹಲ್ಲು ಬಿಟ್ಟುಕೊಂಡು ದೊರೆಯ ಮುಖ ನೋಡಿ ನಗುತ್ತಿತ್ತು.

"ಮಂತ್ರಿಗಳೇ, ಇದಕ್ಕೆ ಎಷ್ಟು ಹಲ್ಲು?"

ಮಂತ್ರಿ ಎಣಿಸಿದ. "ಆರುನೂರ ಹನ್ನೆರಡು, ಪ್ರಭು."

"ಹಲ್ಲು ಹಲ್ಲನ್ನು ಕಚ್ಚಿದರೆ ಏನನ್ನುತ್ತಾರೆ?"

"ಜಗಳ ಅನ್ನುತ್ತಾರೆ, ಪ್ರಭು."

"ಆರುನೂರ ಹನ್ನೆರಡರ ಮೇಲೆ ಬಿದ್ದು ಕಚ್ಚಿದರೆ?"

"ಅದು ಯುದ್ಧವೇ ಸರಿ."

"ಯುದ್ಧ ಸಾರುವ ಹಕ್ಕು ಯಾರದು?"

"ತಮ್ಮದು."

ಅಲ್ಲಿಗೆ ತೀರ್ಮಾನವಾಯಿತು. ಡಂಗುರದವನು ಊರೂರು ಸುತ್ತಿದ. ಇಂದಿನಿಂದ ಜೋಳದ ತೆನೆಯನ್ನು ಯಾರೂ ಕಚ್ಚಕೂಡದು. ಹೆಬ್ಬೆರಳಿನಿಂದ ಒಂದೊಂದೇ ಕಾಳು ಬಿಡಿಸಿ, ಮುಖ ಆಚೆ ತಿರುಗಿಸಿ ತಿನ್ನತಕ್ಕದ್ದು. ಕಚ್ಚಿದವರು ದೊರೆಯ ಮೇಲೆ ಯುದ್ಧ ಸಾರಿದ ಹಾಗೆ.

ಜನ ಬಿಡಿಸಿದರು. ಬಿಡಿಸಿ ಬಿಡಿಸಿ ಹೆಬ್ಬೆರಳು ಬದನೆಕಾಯಿಯಷ್ಟು ಊದಿದವು. ಊದಿದ ಬೆರಳಿಗೆ ಅರಿಶಿನ ಮೆತ್ತಿಕೊಂಡು ಮತ್ತೆ ಬಿಡಿಸಿದರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೇಳುವುದಕ್ಕೆ ಪುರುಸೊತ್ತಾದರೂ ಎಲ್ಲಿ, ಕಾಳು ಆರುನೂರ ಹನ್ನೆರಡು.

ಚಿಕ್ಕತಾಯಮ್ಮನೂ ಒಂದು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಕಾಳು ಹಲ್ಲಿನ ಬಲಕ್ಕೆ ಜಾರಿತು. ನಾಲಗೆಯಲ್ಲಿ ತಳ್ಳಿದಳು, ಎಡಕ್ಕೆ ಜಾರಿತು. ಕೊನೆಗೆ ಹಾಗೇ ಗಂಟಲಿಗೆ ಇಳಿದುಹೋಯಿತು. ಒಂಟಿ ಹಲ್ಲಿಗೆ ಬಿಡಿ ಕಾಳು ಸಿಗುವುದಿಲ್ಲ. ದಿಂಡು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಸಿಗುತ್ತದೆ.

"ಅಮ್ಮಯ್ಯ, ನಾನು ಇದಕ್ಕಾ ಇಷ್ಟು ದಿನ ಕಾದಿದ್ದು?" ಅಂದಿತು ಹಲ್ಲು.

ಚಿಕ್ಕತಾಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಒಲೆಯ ಕೆಂಡವನ್ನು ಜಗಲಿಗೆ ತಂದು, ಬೀದಿಯವರೆಲ್ಲ ನೋಡುವ ಹಾಗೆ ತೆನೆ ಸುಟ್ಟಳು. ನಿಂಬೆ ತಿಕ್ಕಿದಳು. ಕಟಕ್ ಅಂತ ಕಚ್ಚಿದಳು.

ಪಕ್ಕದ ಮನೆ ಗುರುಸಿದ್ದಮ್ಮ ಓಡಿಬಂದಳು. "ಅತ್ತೆ, ಯುದ್ಧ ಆಯ್ತದೆ."

"ಆಗ್ಲಿ ಬುಡವ್ವ. ತೆನೆ ಬಿಸಿ ಬಿಸಿ ಅದೆ."

ಯುದ್ಧ ಅಂದಮೇಲೆ ಸೈನ್ಯ ಬರಲೇಬೇಕು. ಮುನ್ನೂರು ಜನ ಈಟಿ ಹಿಡಿದು ಬಂದರು. ಮುಂದೆ ದಳವಾಯಿ.

"ಅಜ್ಜಿ, ನಿನ್ನ ಸೈನ್ಯ ಎಲ್ಲದೆ?"

ಚಿಕ್ಕತಾಯಮ್ಮ ಬಾಯಿ ತೆರೆದು ತೋರಿಸಿದಳು. ದಳವಾಯಿ ಇಣುಕಿ ಎಣಿಸಿದ. ಒಂದು. ಮತ್ತೆ ಎಣಿಸಿದ. ಒಂದೇ.

ದಳವಾಯಿ ಧರ್ಮಸಂಕಟಕ್ಕೆ ಬಿದ್ದ. ಆನೆಗೆ ಆನೆ, ಕುದುರೆಗೆ ಕುದುರೆ, ಅದು ಯುದ್ಧದ ನೇಮ. ಒಂಟಿ ಹಲ್ಲಿನ ಮೇಲೆ ಒಂಟಿ ಹಲ್ಲೇ ಹೋಗಬೇಕು. ಸೈನಿಕರ ಬಾಯಿ ಬಿಡಿಸಿ ನೋಡಿದ. ಒಬ್ಬನಿಗೆ ಮೂವತ್ತೆರಡು, ಒಬ್ಬನಿಗೆ ಮೂವತ್ತು. "ಯಾರಾದ್ರೂ ಒಬ್ನಿಗೆ ಒಂದು ಬುಟ್ಟು ಮಿಕ್ಕಿದ್ದೆಲ್ಲ ಕಿತ್ತಾಕನ," ಅಂದ. ಮುನ್ನೂರು ಬಾಯಿ ಟಪ್ ಅಂತ ಮುಚ್ಚಿಕೊಂಡವು. ಆಮೇಲೆ ಏನು ಆಜ್ಞೆ ಕೊಟ್ಟರೂ ಅಪ್ಪಣೆ ಅನ್ನುವುದಕ್ಕೆ ಒಂದು ಬಾಯಿಯೂ ತೆರೆಯಲಿಲ್ಲ. ಅಷ್ಟರಲ್ಲಿ ಚಿಕ್ಕತಾಯಮ್ಮ ಮೊದಲ ತೆನೆ ಮುಗಿಸಿ ಎರಡನೆಯದನ್ನು ಕೆಂಡಕ್ಕೆ ಇಟ್ಟಿದ್ದಳು.

ಆಗ ಸೈನ್ಯದ ಜೊತೆ ಬಂದಿದ್ದ ಮಂತ್ರಿ ದಳವಾಯಿಯ ಕಿವಿಯಲ್ಲಿ ಉಸುರಿದ. "ನಾಡಿನಲ್ಲಿ ಒಂಟಿ ಹಲ್ಲಿನ ಬಾಯಿ ಇನ್ನೊಂದಿದೆ. ಅದು ಯಾರದು ಅಂತ ನಾನು ಹೇಳಿದೆ ಅನ್ನಬೇಡ."

ದೊರೆ ಪಲ್ಲಕ್ಕಿಯಲ್ಲಿ ಬಂದ. ನೇಮ ನೇಮವೇ. ಬಾಯಿಂದ ಕೈ ತೆಗೆದ. ಮೇಲಿನ ವಸಡಿನಲ್ಲಿ ಒಂದೇ ಹಲ್ಲು, ನಾಚಿಕೊಂಡು ನಿಂತಿತ್ತು. ಯಾರೂ ನಗಲಿಲ್ಲ. ಸೈನಿಕರ ಬಾಯಿ ಇನ್ನೂ ಮುಚ್ಚಿಯೇ ಇತ್ತು.

"ಬನ್ನಿ ಬುದ್ಧಿ, ಕೂತ್ಕಳಿ," ಅಂದಳು ಚಿಕ್ಕತಾಯಮ್ಮ. "ಆ ತುದಿ ನಿಮ್ದು, ಈ ತುದಿ ನಂದು."

ಒಂದೇ ತೆನೆ ರಣರಂಗವಾಯಿತು. ದೊರೆ ಕಚ್ಚಿದ. ಕಣ್ಣು ಮುಚ್ಚಿದ. ಇನ್ನೊಂದು ಕಚ್ಚಿದ. ಮೂಗಿಗೆ ಮಸಿ ಹತ್ತಿತು, ತುಟಿ ಉರಿಯಿತು, ಕಣ್ಣಲ್ಲಿ ನೀರು ಬಂತು. ಹೊತ್ತು ಇಳಿಯುವ ತನಕ ಯುದ್ಧ ನಡೆಯಿತು. ನಡುವೆ ಒಂದೇ ಕಾಳು ಉಳಿಯಿತು. ಇಬ್ಬರೂ ಬಾಯಿ ಹಾಕಿದರು. ಚಿಕ್ಕತಾಯಮ್ಮನದು ಒಂದು ಕೈ ಮೇಲಾಯಿತು.

"ಬತ್ತೀನಿ ಅಮ್ಮಯ್ಯ," ಅಂದಿತು ಹಲ್ಲು. ಕಾಳು ಅಜ್ಜಿಯ ಬಾಯಿಗೆ ಬಂತು, ಹಲ್ಲು ಆ ಕಾಳಿನ ಜಾಗದಲ್ಲಿ ನಾಟಿಕೊಂಡಿತು.

ಚಿಕ್ಕತಾಯಮ್ಮ ದಿಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಜೀವಮಾನವೆಲ್ಲ ಜೊತೆಗಿದ್ದ ಹಲ್ಲು.

"ಶತ್ರುಸೈನ್ಯ ನಾಶವಾಯಿತು, ನಾನು ಗೆದ್ದೆ," ಅಂದ ದೊರೆ.

"ಗೆದ್ಕಳಿ ಬುದ್ಧಿ. ತಿಂದವಳು ನಾನು." ಅಜ್ಜಿ ಹಲ್ಲನ್ನು ಬಿಡಿಸಿ ಸೆರಗಿಗೆ ಕಟ್ಟಿಕೊಂಡು, ದಿಂಡನ್ನು ನಿಧಾನಕ್ಕೆ ಚೀಪಿದಳು. "ಗುರುಸಿದ್ದಿ, ಹಾಲುಗಾಳಿನ ಎಳೇದೊಂದು ಸುಡವ್ವ. ಹಲ್ಲು ಹಲ್ಲು ಕಚ್ಚುದ್ರೆ ತಾನೆ ಯುದ್ಧ? ವಸಡಲ್ಲಿ ತಿನ್ನಕೆ ಯಾರ ಅಪ್ಪಣೆ ಬೇಕು?"

ದೊರೆಯ ಬಾಯಲ್ಲಿ ನೀರೂರಿತು. "ನನಗೂ ಒಂದು ಕೊಡಮ್ಮ."

"ತಗಳಿ. ಆದ್ರೆ ನಿಮಗೆ ಹಲ್ಲು ಅದೆ, ಯುದ್ಧ ಮುಗುದದೆ. ಹೆಬ್ಬೆಟ್ಟಲ್ಲಿ ಬಿಡಿಸ್ಕಂಡು ತಿನ್ನಿ. ಸಾರ್ಸಿದ್ದು ನೀವೇಯ."

ದೊರೆ ಬಿಡಿಸಿದ. ಕಾಳು ಬಲಕ್ಕೆ ಜಾರಿತು. ಎಡಕ್ಕೆ ಜಾರಿತು. ಹಾಗೇ ಗಂಟಲಿಗೆ ಇಳಿಯಿತು. ಇನ್ನೊಂದು ಬಿಡಿಸಿದ, ಅದೂ ಇಳಿಯಿತು. ಮೂರನೆಯ ಕಾಳಿಗೆ ದೊರೆ, ಪಲ್ಲಕ್ಕಿಯ ಹಿಂದೆ ಬಂದಿದ್ದ ಡಂಗುರದವನ ಕೈಯಿಂದ ತಮಟೆ ಕಿತ್ತುಕೊಂಡು ತಾನೇ ಬಡಿದ. "ಕಚ್ಚಿ, ಎಲ್ಲರೂ ಕಚ್ಚಿ."

"ನಿಧಾನಕ್ಕೆ ಬಡೀರಿ ಬುದ್ಧಿ," ಅಂದಳು ಚಿಕ್ಕತಾಯಮ್ಮ. "ನಾವು ಆಗ್ಲೇ ತಿಂತಾ ಇದ್ದೀವಿ."

ಮಾರನೆಯ ಬೆಳಗ್ಗೆ ಅವಳು ಆ ಹಲ್ಲನ್ನು ಸಗಣಿ ಉಂಡೆಯಲ್ಲಿ ಇಟ್ಟು, ಹಾಲುಹಲ್ಲು ಬಿದ್ದ ಮಕ್ಕಳು ಎಸೆಯುವ ಹಾಗೆ, ಮನೆಯ ಮಾಡಿನ ಮೇಲೆ ಎಸೆದಳು.

"ಈ ವಯಸ್ಸಲ್ಲಿ ಹೊಸ ಹಲ್ಲು ಬತ್ತದಾ ಅತ್ತೆ?" ಅಂದಳು ಗುರುಸಿದ್ದಮ್ಮ.

"ಬರ್ದೆ ಏನವ್ವ. ಮುಂದಿನ ಸಲ ಜೋಳ ಬರಕಿಲ್ವಾ?"

ಇದರ ನೀತಿ ಏನೆಂದರೆ, ಒಂದೇ ಹಲ್ಲಿರುವವರು ಬಾಯಿ ಮುಚ್ಚಿಕೊಂಡು ಕೂರಬಾರದು. ಕತೆಯನ್ನು ನಾನು ತಿಂದೆ, ದಿಂಡನ್ನು ಎಮ್ಮೆಗೆ ಹಾಕಿದೆ, ಹೂಂ ಅಂದವರಿಗೆ ಮುಸುಕು ಉಳಿಯಿತು.