ಹರಿಗೋಲಿನಲ್ಲಿ ನೇಕಾರ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ತತ್ವಪದ ಕಲಿಸುವ ಅಜ್ಜ. ಕಲಿತು ಮುಗಿದವನು ಹುಣ್ಣಿಮೆಯ ದಿನ ಅಜ್ಜನ ಮುಂದೆ ನಿಂತು, ತಾನು ಹಿಡಿಯುವ ಕೆಲಸ ಯಾವುದೆಂದು ಹೇಳಿ, ಆಶೀರ್ವಾದ ಪಡೆದು ಹೊರಡಬೇಕು. ಅದು ಆ ಮಠದ ಪದ್ಧತಿ.

ನಾಳೆ ವಿರೂಪಣ್ಣನ ಸರದಿ.

ಅವನಿಗೆ ಹಾಡೆಂದರೆ ಪ್ರಾಣ. ಮನೆಯಲ್ಲಿ ನೇಕಾರಿಕೆ. ಈ ಹುಣ್ಣಿಮೆಗೂ ಬಾರದಿದ್ದರೆ ನಿನ್ನ ಮಗ್ಗವನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇನೆ ಎಂದು ಅಕ್ಕ ಹೇಳಿಕಳಿಸಿದ್ದಳು. ಮಗ್ಗಕ್ಕೆ ಕೂತರೆ ಹಾಡು ಸತ್ತೇಹೋಗುತ್ತದೆ ಅಂತ ಇವನ ಭಯ. ಹಾಡನ್ನೇ ನೆಚ್ಚಿಕೊಂಡರೆ ಹೊಟ್ಟೆಗೇನು ಅಂತ ಇನ್ನೊಂದು ಭಯ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಜೊತೆಗೆ ಕಲಿತ ದುರುಗಪ್ಪ ಒಬ್ಬ ಇದ್ದನಲ್ಲ.

ದುರುಗಪ್ಪ ಹಗಲೆಲ್ಲ ಹರಿಗೋಲು ನಡೆಸುತ್ತಿದ್ದ, ಹುಟ್ಟು ಹಾಕುತ್ತಲೇ ಹಾಡುತ್ತಿದ್ದ. ಹೊಳೆ ದಾಟುವ ಜನ ಅವನ ಪದ ಕೇಳಲೆಂದೇ ಕಾದು ಕೂರುತ್ತಿದ್ದರು. ಕಂಠದಲ್ಲಿ ಅವನಿಗಿಂತ ವಿರೂಪಣ್ಣನೇ ಮೇಲು. ಅದು ವಿರೂಪಣ್ಣನಿಗೂ ಗೊತ್ತು, ಮಠಕ್ಕೆಲ್ಲ ಗೊತ್ತು. ಹಾಗಿದ್ದೂ ಜನ ಅತ್ತಲೇ. ಇವನಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ಅವನು ಉಂಡರೆ ಇವನಿಗೆ ಅನ್ನ ಇಳಿಯದು, ಅವನು ನಕ್ಕರೆ ಇವನ ಮುಖ ಗಂಟು. ಪಾಪ, ದುರುಗಪ್ಪನಿಗೆ ಇದರ ಸುಳಿವೇ ಇಲ್ಲ. ಯಾರಾದರೂ ಮಾವಿನಹಣ್ಣು ಕೊಟ್ಟರೆ ಇವನಿಗೆಂದು ಎತ್ತಿಡುತ್ತಿದ್ದ. ಆ ಹಣ್ಣೂ ಇವನ ಬಾಯಿಗೆ ಹುಳಿ.

ಕೊನೆಗೆ ಇವನಿಗೊಂದು ಉಪಾಯ ಹೊಳೆಯಿತು. ತನಗೆ ಮಗ್ಗವೂ ಬೇಡ, ಬರೀ ಹಾಡೂ ಬೇಡ, ತಾನೂ ಹರಿಗೋಲು ನಡೆಸುತ್ತೇನೆ ಎಂದು ಅಜ್ಜನಿಗೆ ಹೇಳಿದ. ಅಜ್ಜ ಶಲ್ಯ ಹೆಗಲಿಗೇರಿಸಿ, ಹಾಗಾದರೆ ನನ್ನನ್ನು ಆಚೆ ದಡಕ್ಕೆ ದಾಟಿಸು ಎಂದು ಹೊರಟೇಬಿಟ್ಟರು.

ಹುಟ್ಟು ಕೈಗೆ ಕೊಡುವಾಗ ದುರುಗಪ್ಪ, ಪಕ್ಕದಲ್ಲಿ ಹಾಕಬೇಡ, ಮುಂದಿನ ನೀರನ್ನು ನಿನ್ನ ಕಡೆಗೆ ಎಳೆದುಕೋ ಎಂದ. ಇವನು ಕೇಳಿಸಿಕೊಂಡರೆ ತಾನೇ! ನೀನೇನು ನನಗೆ ಹೇಳಿಕೊಡುವುದು ಎಂದು ಮನಸ್ಸಿನಲ್ಲೇ ಹಲ್ಲು ಕಡಿದ.

ಸ್ವಲ್ಪ ದೂರ ಹೋದದ್ದೇ ತಡ, ಹರಿಗೋಲು ಗಿರ್ರನೆ ತಿರುಗತೊಡಗಿತು. ಎಷ್ಟು ಹುಟ್ಟು ಹಾಕಿದರೂ ಅಲ್ಲೇ ತಿರುಗಾಟ. ವಿರೂಪಣ್ಣನ ಕಣ್ಣು ಮಾತ್ರ ದಡದ ಮೇಲೆ. ದುರುಗಪ್ಪ ನಗುತ್ತಿದ್ದಾನೋ ಏನೋ, ಅದನ್ನು ನೋಡಬೇಕಲ್ಲ.

"ಎಲ್ಲಿಗೆ ಹೊರಟಿದ್ದೇವಪ್ಪ?" ಅಜ್ಜ ಕೇಳಿದರು.

ವಿರೂಪಣ್ಣ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ಅಳು ಬಂದುಬಿಟ್ಟಿತು.

"ಅವನನ್ನು ಕಂಡರೆ ನನಗೆ ಆಗೋದಿಲ್ಲ ಅಜ್ಜಾ. ನನಗೆ ಸಿಗಬೇಕಾದ್ದೆಲ್ಲ ಅವನಿಗೆ ಸಿಕ್ಕಿದೆ."

ಅಜ್ಜ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಹೇಗೂ ದಡ ಸೇರುವ ಲಕ್ಷಣ ಕಾಣುವುದಿಲ್ಲ, ಒಂದು ಪದವನ್ನಾದರೂ ಹಾಡು ಎಂದರು.

ಹಾಡಿದ. ಹಾಡುತ್ತ ಹಾಡುತ್ತ ದಡವನ್ನೂ ಮರೆತ, ದುರುಗಪ್ಪನನ್ನೂ ಮರೆತ. ಅಲ್ಲಿ ದಡದಲ್ಲಿ ಹಗ್ಗ ಹೊಸೆಯುತ್ತಿದ್ದ ದುರುಗಪ್ಪ ಕೈ ನಿಲ್ಲಿಸಿ ಕೇಳುತ್ತಿದ್ದ. ಇವನು ಅದನ್ನು ನೋಡಲೇ ಇಲ್ಲ.

ಆಗ ಅಜ್ಜ ತಟ್ಟನೆ ಬಗ್ಗಿ ಅವನ ಎರಡೂ ಕಾಲು ಹಿಡಿದುಕೊಂಡರು.

ಹಾಡು ಅರ್ಧಕ್ಕೇ ನಿಂತಿತು. ಶಿಷ್ಯನ ಕಾಲನ್ನು ಗುರು ಹಿಡಿಯುವುದುಂಟೇ? ವಿರೂಪಣ್ಣ ಎಳೆದುಕೊಳ್ಳಲು ನೋಡಿದ. ಅಜ್ಜ ಬಿಡಲಿಲ್ಲ, ಮುಂದೆ ಹಾಡು ಎಂದರು. ಪದ ಬಾಯಲ್ಲಿತ್ತು, ತಾಳ ಸಿಗಲಿಲ್ಲ. ಮತ್ತೆ ಎತ್ತಿಕೊಂಡ, ಅಲ್ಲೇ ಎಡವಿದ.

"ಈ ಕಾಲು ಇಷ್ಟು ಹೊತ್ತು ಏನು ಮಾಡುತ್ತಿತ್ತು?"

ವಿರೂಪಣ್ಣ ಕೆಳಗೆ ನೋಡಿಕೊಂಡ. ಅಜ್ಜನ ಹಿಡಿತದಲ್ಲೂ ಕಾಲು ಮಿಸುಕುತ್ತಿತ್ತು, ಎಡ ಒಮ್ಮೆ, ಬಲ ಒಮ್ಮೆ. ಅಕ್ಕನ ಪಕ್ಕದಲ್ಲಿ ಕೂತು ಕಲಿತದ್ದೇ ಅದು. ಅವನ ಮೊದಲ ಪದವನ್ನು ಹೇಳಿಕೊಟ್ಟವಳೂ ಅವಳೇ, ನೇಯುತ್ತ ನೇಯುತ್ತ. ಅದು ಇವನಿಗೆ ಮರೆತೇಹೋಗಿತ್ತು.

"ಮಗ್ಗ ತುಳಿಯುತ್ತಿತ್ತು," ಎಂದ ಮೆಲ್ಲಗೆ.

ಅಜ್ಜ ಕಾಲು ಬಿಟ್ಟರು. ಹುಟ್ಟನ್ನು ತಾವೇ ತೆಗೆದುಕೊಂಡು ಮುಂದಿನ ನೀರನ್ನು ಎಳೆದರು. ಹರಿಗೋಲು ತಿರುಗುವುದನ್ನು ಬಿಟ್ಟು ನೆಟ್ಟಗೆ ಹೊರಟಿತು. ವಿರೂಪಣ್ಣನ ಹೊಟ್ಟೆಯ ಕೆಂಡ ಪೂರ್ತಿ ಆರಿರಲಿಲ್ಲ, ಆದರೂ ಈ ಸಲ ಅವನು ಹಿಂದಿರುಗಿ ದಡ ನೋಡಲಿಲ್ಲ.

"ನಾಳೆ ಏನು ಹೇಳಲಿ ಅಜ್ಜಾ? ನೇಯುವವನು ಅನ್ನಲೋ, ಹಾಡುವವನು ಅನ್ನಲೋ?"

"ಕಾಲು ಬಿಟ್ಟಿದ್ದೇನಲ್ಲಪ್ಪ, ಹಾಡು."