ಚೌರಿಕೊಪ್ಪಲಿಗೆ ಕೆನ್ನೆ ಕೊಡಲು ಬಂದ ದೊಡ್ಡ ಸ್ವಾಮಿಗಳು

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿ ಇನ್ನೂ ಲಂಗ ಉಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಕಾಲಕ್ಕೂ ಹಿಂದೆ, ಹೊಳೆದಂಡೆಯಲ್ಲಿ ಒಂದು ಊರಿತ್ತಂತೆ. ಹೆಸರು ಚೌರಿಕೊಪ್ಪಲು. ಅಂದರೆ ಇದೇ ಊರು, ನೀವೆಲ್ಲ ಕೂತು ಕಾಲು ಆಡಿಸುತ್ತಿದ್ದೀರಲ್ಲ, ಇದೇ ಗುಡಿಯ ಮೆಟ್ಟಿಲು. ಆದರೂ ಕಥೆ ಹೇಳುವಾಗ ‘ಒಂದು ಊರಿತ್ತಂತೆ’ ಅಂತಲೇ ಹೇಳಬೇಕು. ನಮ್ಮೂರು ಅಂದುಬಿಟ್ಟರೆ ನೀವು ಅರ್ಧ ಕೇಳಿ ಎದ್ದು ಹೋಗುತ್ತೀರಿ.

ಆಗ ಕಲ್ಲುಪೇಟೆಯಲ್ಲಿ ಮೇತ್ರಾಸನ, ಅಂದರೆ ಬಿಷಪ್ಪರ ಪೀಠ, ಹೊಸದಾಗಿ ಬಂದಿತ್ತಂತೆ. ಊರಿನ ಪಾದ್ರಿಗಳನ್ನು ಸ್ವಾಮಿಗಳು ಅನ್ನುತ್ತಿದ್ದ ಜನ, ಕಲ್ಲುಪೇಟೆಯ ಬಿಷಪ್ಪರನ್ನು ದೊಡ್ಡ ಸ್ವಾಮಿಗಳು ಅಂದರು. ದೊಡ್ಡ ಸ್ವಾಮಿಗಳು ಕೆಲವು ವರ್ಷಕ್ಕೊಮ್ಮೆ ಊರಿಗೆ ಬಂದು, ವಿಶ್ವಾಸ ಗಟ್ಟಿ ಮಾಡುವ ಸಂಸ್ಕಾರವಾದ ದೃಢೀಕರಣ ಕೊಡುವರು. ಹಣೆಗೆ ಪವಿತ್ರ ತೈಲ ಹಚ್ಚಿ, ಕೆನ್ನೆಗೊಂದು ಏಟು ಹಾಕುವರು. ಏಟು ಅಂದರೆ ಏಟಲ್ಲ, ಬೆರಳಿನಿಂದ ಮೆಲ್ಲಗೆ ತಟ್ಟುವುದು. ವಿಶ್ವಾಸಕ್ಕಾಗಿ ನಾಳೆ ನೋವು ಬಂದರೂ ತಡೆದುಕೋ ಅಂತ ಅದರ ಅರ್ಥ. ಆದರೆ ನಮ್ಮ ಜನ ಅಷ್ಟಕ್ಕೇ ಬಿಟ್ಟಾರೆಯೇ? ಏಟು ಗಟ್ಟಿಯಾದಷ್ಟೂ ವಿಶ್ವಾಸ ಗಟ್ಟಿ ಅಂತ ತಾವೇ ತೀರ್ಮಾನ ಮಾಡಿಕೊಂಡರಂತೆ. ಏಟು ತಿನ್ನದ ಹೆಣ್ಣನ್ನು ಮನೆಗೆ ತುಂಬಿಸಿಕೊಳ್ಳಬಾರದು ಅಂತ ಕಟ್ಟಳೆಯೂ ಆಯಿತಂತೆ.

ಮೊದಲನೇ ದೊಡ್ಡ ಸ್ವಾಮಿಗಳು ಹಡಗು ಹತ್ತಿ ಬಂದವರು. ಎದೆ ಮುಚ್ಚುವ ಗಡ್ಡ, ಮೊರದಗಲ ಅಂಗೈ. ಅವರು ತಟ್ಟಿದರೆ ಸದ್ದು ಹೊಳೆಯಾಚೆಗೆ ಕೇಳುತ್ತಿತ್ತಂತೆ. ಜನಕ್ಕೆ ಎಷ್ಟು ಸಂತೋಷ ಅಂತೀರಿ. ಎರಡನೆಯವರದು ಕೆಮ್ಮು, ಬಡಕಲು ಮೈ. ಅವರ ಏಟು ತಾಗಲೇ ಇಲ್ಲ ಅಂತ ನಮ್ಮವರು ಸುತ್ತಿ ಬಂದು ಮತ್ತೆ ಸಾಲಿನಲ್ಲಿ ನಿಂತರಂತೆ. ಮೂರನೆಯವರೇ ನಮ್ಮ ಆರೋಗ್ಯನಾಥ ಸ್ವಾಮಿಗಳು. ಹಡಗಿನವರಲ್ಲ, ಈ ಮಣ್ಣಿನವರು. ಅವರ ತಾಯಿ ಕಲ್ಲುಪೇಟೆ ಸಂತೆಯಲ್ಲಿ ಪುರಿ ಮಾರುತ್ತಿದ್ದಳಂತೆ. ನಮ್ಮವರೇ ದೊಡ್ಡ ಸ್ವಾಮಿಗಳಾದರು ಅಂತ ಊರೆಲ್ಲ ಕುಣಿದಾಡಿತಂತೆ, ಆಮೇಲೆ ಮುಖ ನೋಡಿ, ಅಯ್ಯೋ, ಗಡ್ಡವೇ ಇಲ್ಲವಲ್ಲ ಅಂತ ಪೆಚ್ಚಾಯಿತಂತೆ.

ಅವರು ಮೊದಲ ಸಲ ದೃಢೀಕರಣಕ್ಕೆ ಬಂದ ದಿನ ಸಾಲಿನಲ್ಲಿ ಸವೇರಿಯೂ ಇದ್ದಳು. ಉಪದೇಶಿ ಇನ್ನಾಸಪ್ಪನ ಮಗಳು, ತಾಯಿ ಇಲ್ಲದ ಕೂಸು. ಹೊಳೆಯಾಚೆಯ ಊರಿಗೆ ಮದುವೆ ಗೊತ್ತಾಗಿತ್ತು, ಯೇಸು ಎದ್ದುಬಂದ ಪಾಸ್ಕ ಹಬ್ಬ ಕಳೆದ ಮೇಲೆ ಲಗ್ನ. ಉಪದೇಶಿ ಅಂದರೆ ಊರಿನ ಮಕ್ಕಳಿಗೆ ಜಪ, ಜ್ಞಾನೋಪದೇಶ ಎಲ್ಲ ಬಾಯಿಪಾಠ ಮಾಡಿಸುವವನು. ಇನ್ನಾಸಪ್ಪ ಒಳ್ಳೆಯವನೇ, ಆದರೆ ಮರ್ಯಾದೆಗೆ ಪ್ರಾಣ ಬಿಡುವವನು. ದೊಡ್ಡ ಸ್ವಾಮಿಗಳು ಯಾರನ್ನು ಏನು ಕೇಳುತ್ತಾರೋ ಅನ್ನುವ ದಿಗಿಲಿನಲ್ಲಿ ಆವತ್ತು ಬೆಳಿಗ್ಗೆ ಮಗಳನ್ನು ನಿಲ್ಲಿಸಿಕೊಂಡು ಪವಿತ್ರಾತ್ಮರ ಏಳು ವರಗಳನ್ನು ಒಪ್ಪಿಸು ಅಂದನಂತೆ. ಸವೇರಿ ಐದು ಹೇಳಿ ತಡವರಿಸಿದಳು. ಊರಿಗೆಲ್ಲ ಕಲಿಸಿದವನ ಮಗಳೇ ಹೀಗಾದರೆ ಹೇಗೆ ಅಂತ ಅವನು ಕೆನ್ನೆಗೆ ಬಾರಿಸಿಬಿಟ್ಟ. ಐದು ಬೆರಳೂ ಮೂಡಿದವು. ಅವಳು ಮುಸುಕು ಮುಂದಕ್ಕೆಳೆದುಕೊಂಡು ಗುಡಿಗೆ ಬಂದಳು.

ದೊಡ್ಡ ಸ್ವಾಮಿಗಳು ಒಬ್ಬೊಬ್ಬರಿಗೇ ತೈಲ ಹಚ್ಚುತ್ತಾ ಬಂದರಂತೆ, ತಟ್ಟುತ್ತಾ ಬಂದರಂತೆ. ಸವೇರಿಯ ಮುಸುಕು ಸರಿಸಿದರು, ತೈಲ ಹಚ್ಚಿದರು, ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತಂತೆ. ಮತ್ತೆ ಅದೇ ಕೈಯನ್ನು ಅವಳ ತಲೆಯ ಮೇಲಿಟ್ಟು, ಮುಸುಕು ಸರಿ ಮಾಡಿ, ಮುಂದಿನವರ ಹತ್ತಿರ ಹೋದರಂತೆ.

ಬೆರಳ ಗುರುತು ಕಂಡದ್ದು ಅವರೊಬ್ಬರಿಗೆ. ಏಟು ಬೀಳದ್ದು ಕಂಡದ್ದು ಊರಿಗೆಲ್ಲ. ಹೊಳೆಗಾದರೆ ಒಡ್ಡು ಕಟ್ಟಬಹುದು, ಊರ ಬಾಯಿಗೆ ಕಟ್ಟಲಾಗುತ್ತದೆಯೇ? ಅವಳಲ್ಲಿ ಏನೋ ಪಾಪ ಕಂಡಿರಬೇಕು, ಇಲ್ಲದಿದ್ದರೆ ಅಂಥ ಸ್ವಾಮಿಗಳು ಕೈ ಹಿಂದೆಗೆಯುತ್ತಿದ್ದರೇ ಅಂದರು. ಬಾಯಿಂದ ಬಾಯಿಗೆ ಹೋಗಿ ಪಾಪ ದೊಡ್ಡದಾಯಿತು. ಹೊಳೆಯಾಚೆಯವರು ಸಂಬಂಧ ಬೇಡ ಅಂತ ಹೇಳಿ ಕಳಿಸಿದರು. ಬಾವಿಕಟ್ಟೆಯಲ್ಲಿ ಸವೇರಿ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರಂತೆ. ಪಾಪದ ಹುಡುಗಿ. ಕೆನ್ನೆಯಲ್ಲಿ ಬೆರಳು ಯಾಕೆ ಮೂಡಿತ್ತು ಅಂತ ಅವಳೂ ಹೇಳಲಿಲ್ಲ, ಅಪ್ಪನ ಮರ್ಯಾದೆ ಹೋದೀತು ಅಂತ. ಇನ್ನಾಸಪ್ಪನೂ ಬಾಯಿ ಬಿಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಸವೇರಿಯ ತಾಯಿಯ ತಾಯಿ, ತೆರೇಸಜ್ಜಿ ಅಂತ, ಒಬ್ಬಳಿದ್ದಳು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲುಪೇಟೆಗೆ ನಡೆದೇ ಹೋದಳಂತೆ. ದೊಡ್ಡ ಸ್ವಾಮಿಗಳು ಉಂಗುರದ ಕೈ ಚಾಚಿದರೆ ಮುತ್ತಿಡಲಿಲ್ಲವಂತೆ. ನನ್ನ ಮೊಮ್ಮಗಳ ಬಾಳು ನಿಮ್ಮ ಕೈಯಿಂದ ಕೆಟ್ಟಿತು, ಆ ಮಗುವಿನಲ್ಲಿ ಕಂಡ ಪಾಪ ಏನು ಅಂತ ನೇರವಾಗಿ ಕೇಳಿದಳಂತೆ. ಸ್ವಾಮಿಗಳಿಗೆ ಏನೂ ಗೊತ್ತಿರಲಿಲ್ಲ. ಕೇಳಿ ಮುಖ ಕಪ್ಪಿಟ್ಟಿತಂತೆ. ಅಜ್ಜಿಗೆ ಊಟ ಹಾಕಿಸಿ, ಆಗಲೇ ಗಾಡಿ ಕಟ್ಟಿಸಿದರಂತೆ. ಗಾಡಿ ಬಂದಾಗ ಹೊಳೆ ಎರಡಾಗಿ ಸೀಳಿ ದಾರಿ ಬಿಟ್ಟಿತು ಅಂತ ಹೇಳುವವರಿದ್ದಾರೆ. ಹೇಳಲಿ ಬಿಡಿ. ಅದು ಕಡು ಬೇಸಿಗೆ, ಹೊಳೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿರಲಿಲ್ಲ.

ಭಾನುವಾರದ ಪೂಜೆಗೆ ಹೊಳೆಯಾಚೆಯವರನ್ನೂ ಕರೆಸಿದರು. ಗುಡಿ ಕಿಕ್ಕಿರಿದಿತ್ತಂತೆ. ಪೂಜೆ ಮುಗಿದ ಮೇಲೆ ದೊಡ್ಡ ಸ್ವಾಮಿಗಳು ಸವೇರಿಯನ್ನು ಮುಂದೆ ಕರೆದರು. ಈಗ ಬೆರಳ ಗುರುತಿನ ಮಾತು ಹೇಳಿಬಿಡುತ್ತಾರೆ ಅಂತ ಇನ್ನಾಸಪ್ಪ ಕಂಬದ ಹಿಂದೆ ಸರಿದ. ಸ್ವಾಮಿಗಳು ಅವನ ಕಡೆ ತಿರುಗಿಯೂ ನೋಡಲಿಲ್ಲವಂತೆ. ಈ ಮಗುವಿನಲ್ಲಿ ಯಾವ ಪಾಪವನ್ನೂ ತಾನು ಕಾಣಲಿಲ್ಲ, ತೈಲ ಬಿದ್ದಿದೆ, ದೃಢೀಕರಣ ಆಗಿದೆ ಅಂದರಂತೆ. ಹಾಗಾದರೆ ಏಟು ಯಾಕೆ ಹಾಕಲಿಲ್ಲ ಅಂತ ಹಿಂದಿನಿಂದ ಯಾರೋ ಕೇಳಿದರು. ನಮ್ಮೂರಲ್ಲಿ ಹಿಂದಿನಿಂದ ಕೇಳುವವರಿಗೆ ಯಾವತ್ತೂ ಬರವಿಲ್ಲ.

ಸ್ವಾಮಿಗಳು ತಲೆಯ ಟೋಪಿ ತೆಗೆದು ಮೆಟ್ಟಿಲ ಮೇಲಿಟ್ಟರಂತೆ. ಹುಡುಗಿಯ ಮುಂದೆ ಮಂಡಿಯೂರಿದರಂತೆ.

“ಎತ್ತಿದ ಕೈ ಮುಂದೆ ಹೋಗ್ಲಿಲ್ಲ. ಅದು ನನ್ನ ತಪ್ಪು ಅಂತ ಇಟ್ಕೊಳ್ಳಿ. ತಪ್ಪು ನಂದಾದ್ರೆ ಏಟೂ ನಂಗೇ ಬೀಳ್ಲಿ. ಹೊಡಿ ಮಗಳೇ,” ಅಂತ ಕೆನ್ನೆ ಕೊಟ್ಟರಂತೆ.

ಸವೇರಿ ಕೈ ಎತ್ತಲಾರದೆ ನಿಂತಳು. ಅಷ್ಟರಲ್ಲಿ ಇನ್ನಾಸಪ್ಪ ಜನರನ್ನು ತಳ್ಳಿಕೊಂಡು ಬಂದು ಬಿದ್ದನಂತೆ.

“ಏಳಿ ಸ್ವಾಮಿ. ಅವತ್ತು ಆ ಕೆನ್ನೆ ಮ್ಯಾಲೆ ನನ್ನ ಬೆರಳಿದ್ವು. ಅದ ನೋಡಿ ನಿಮ್ಮ ಕೈ ನಿಂತೋಯ್ತು. ನಾನ್ ಪಾಪಿ ಬಾಯ್ ಮುಚ್ಕೊಂಡಿದ್ದೆ,” ಅಂದನಂತೆ.

ಊರಿಗೆ ಊರೇ ತಲೆ ತಗ್ಗಿಸಿತಂತೆ. ಹೊಳೆಯಾಚೆಯವರು ಮೆಲ್ಲಗೆ ಮುಂದೆ ಬಂದು, ಹಾಗಿದ್ದರೆ ನಮ್ಮ ಅಡ್ಡಿ ಏನೂ ಇಲ್ಲ, ಲಗ್ನ ನಡೆಯಲಿ ಅಂದರು. ಇನ್ನಾಸಪ್ಪ ಕಣ್ಣೊರೆಸಿಕೊಂಡು ಒಪ್ಪಲು ಹೊರಟ. ದೊಡ್ಡ ಸ್ವಾಮಿಗಳು ಅವನನ್ನು ತಡೆದು ಹುಡುಗಿಯನ್ನು ಕೇಳಿದರಂತೆ. ಅಲ್ಲಿಯ ತನಕ ಒಂದು ಮಾತೂ ಆಡದ ಸವೇರಿ ಆಗ ಆಡಿದಳು.

“ಏಟು ಬೀಳ್ಲಿಲ್ಲ ಅಂತ ಬಿಟ್ಟೋದೋರು, ನಾಳೆ ಏಟು ಹಾಕಕ್ಕೆ ಹಿಂದೆ ಮುಂದೆ ನೋಡ್ತಾರಾ? ನಾನೊಲ್ಲೆ.”

ಅಷ್ಟು ಹೇಳಿ, ಇನ್ನೂ ಮಂಡಿಯೂರಿಯೇ ಇದ್ದ ದೊಡ್ಡ ಸ್ವಾಮಿಗಳ ಕೆನ್ನೆಯ ಮೇಲೆ ಅಂಗೈ ಇಟ್ಟಳಂತೆ. ಹೊಡೆಯಲಿಲ್ಲ, ಸುಮ್ಮನೆ ಇಟ್ಟಳು. ಸ್ವಾಮಿಗಳು ಎಳೆಮಗುವಿನ ಹಾಗೆ ಅತ್ತರಂತೆ.

ಆಮೇಲೆ ಸವೇರಿಯನ್ನು ಕಲ್ಲುಪೇಟೆ ಗುಡಿಯ ಗಂಟೆ ಹೊಡೆಯುವವನು ಕೇಳಿಕೊಂಡು ಬಂದ, ಅವಳೂ ಒಪ್ಪಿದಳು, ಚೆನ್ನಾಗಿ ಬಾಳಿದಳು. ಇನ್ನಾಸಪ್ಪ ಸಾಯುವ ತನಕ ಬೆತ್ತ ಮುಟ್ಟಲಿಲ್ಲವಂತೆ. ಆರೋಗ್ಯನಾಥ ಸ್ವಾಮಿಗಳ ನಂತರ ಎಷ್ಟೋ ದೊಡ್ಡ ಸ್ವಾಮಿಗಳು ಬಂದರು, ಹೋದರು. ಪೂಜೆಯಲ್ಲಿ ಆ ಕೆನ್ನೆಯ ಏಟನ್ನೇ ಈಗ ತೆಗೆದುಹಾಕಿದ್ದಾರೆ. ನಮ್ಮೂರಲ್ಲಿ ಮಾತ್ರ ದೃಢೀಕರಣದ ಬೆಳಿಗ್ಗೆ ಯಾವ ಮನೆಯಲ್ಲೂ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ಪಾಠ ಒಪ್ಪಿಸು ಅನ್ನುವುದಿಲ್ಲ. ಹೊಸ ದೊಡ್ಡ ಸ್ವಾಮಿಗಳು ಯಾರೇ ಆಗಲಿ, ಮೊದಲು ಬಂದಾಗ ಟೋಪಿ ತೆಗೆದು ಈ ಮೆಟ್ಟಿಲ ಮೇಲೆ ಮಂಡಿಯೂರುತ್ತಾರೆ. ಊರಿನ ಹಿರೀ ಹೆಂಗಸು ಅವರ ಕೆನ್ನೆಯ ಮೇಲೆ ಕೈ ಇಡುತ್ತಾಳೆ. ಆಮೇಲೇ ನಿಮ್ಮ ಹಣೆಗೆ ತೈಲ.

ಹೋದ ಸಲ ಬೋರಕ್ಕ ಇಟ್ಟಿದ್ದಳು. ಅವಳು ಹೋಗಿಬಿಟ್ಟಳು. ಈ ಭಾನುವಾರ ಬರುವವರು ಹೊಸಬರು, ಹಿರೀ ಹೆಂಗಸು ಅಂತ ಉಳಿದವಳು ನಾನೇ. ಒಂದು ವಾರದಿಂದ ಅಂಗೈಗೆ ಹರಳೆಣ್ಣೆ ತಿಕ್ಕುತ್ತಿದ್ದೇನೆ. ಕಳೆ ಕಿತ್ತ ಕೈ, ಒರಟಾಗಿದೆ. ಎಲ್ಲಿ, ಯಾರಾದರೂ ಒಬ್ಬರು ಕೆನ್ನೆ ಕೊಡಿ, ಮೆತ್ತಗಾಗಿದೆಯೋ ಇಲ್ಲವೋ ಹೇಳಿ.